ಅಮ್ಮ ಎತ್ತಿಟ್ಟ ಸಿಹಿಕಾಳು

ಬಾನಿ ಊರಿನಲ್ಲಿ ಹುಟ್ಟಿ ಸಿಹಿ ಬಿಡುತ್ತೇನೆ ಅನ್ನುವವಳಿಗೆ ತಲೆ ನೆಟ್ಟಗಿರಲಾರದು. ಇಲ್ಲಿ ರಸ್ತೆಯ ಎರಡೂ ಕಡೆ ಹಾಲಿನ ಮಿಠಾಯಿ ಅಂಗಡಿಗಳೇ. ಅದರಲ್ಲೂ ನಾನು ಎಂಥವಳು! ಊಟಕ್ಕೆ ಮೊದಲೇ ಸಿಹಿ ತಿಂದು, ಊಟವಾದ ಮೇಲೆ ‘ಬಾಯಿಗೇನೂ ಬೀಳಲೇ ಇಲ್ಲ’ ಎಂದು ಇನ್ನೊಂದು ತುಂಡು ಮುರಿಯುವವಳು. ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಿಂತ ಮಿಠಾಯಿಯೇ ಹೆಚ್ಚು.

ಅಂಥ ನಾನು ಈ ವರ್ಷ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ ಮರಿಯಮ್ಮನ ಪಟದ ಮುಂದೆ ಹರಕೆ ಹೊತ್ತೆ. ಈಸ್ಟರ್‌ವರೆಗೆ ಸಿಹಿ ಮುಟ್ಟುವುದಿಲ್ಲ, ಕಾಫಿಗೂ ಸಕ್ಕರೆ ಹಾಕುವುದಿಲ್ಲ, ನನ್ನಮ್ಮನನ್ನು ಉಳಿಸಿಕೊಡು ತಾಯಿ. ಅಮ್ಮನ ಹೃದಯ ಸೋತಿದೆ, ಇನ್ನು ಹೆಚ್ಚು ದಿನ ತಡೆಯುವುದಿಲ್ಲ ಎಂದು ರಾಜಧಾನಿಯ ಡಾಕ್ಟರು ಹೇಳಿ ಕಳಿಸಿದ್ದರು. ಕೊಡುವುದಕ್ಕೆ ನನ್ನ ಹತ್ತಿರ ಸಿಹಿಗಿಂತ ದೊಡ್ಡದೇನೂ ಇರಲಿಲ್ಲ.

ಆದರೆ ನಮ್ಮಲ್ಲಿ ತಪಸ್ಸುಕಾಲ, ಅಂದರೆ ಬೂದಿ ಹಚ್ಚಿಸಿಕೊಂಡಂದಿನಿಂದ ಈಸ್ಟರ್‌ವರೆಗಿನ ದಿನಗಳೆಂದರೇ ಸಿಹಿಕಾಳಿನ ಕಾಲ. ಬೇರೆ ತಿಂಗಳಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಕೆಂಪು ಬೀನ್ಸ್ ಕಾಳು ಬೇಯಿಸಿ, ಅರೆದು, ಸೋಸಿ, ಕಾಯಿಹಾಲು, ಸಕ್ಕರೆ, ಗೆಣಸು, ದ್ರಾಕ್ಷಿ, ಲವಂಗ ಹಾಕಿ ಪಾಯಸದ ಹಾಗೆ ಕುದಿಸಿ, ಮೇಲೆ ಶಿಲುಬೆ ಗುರುತಿನ ಪುಟ್ಟ ಬಿಸ್ಕತ್ತು ತೇಲಿಬಿಡುವುದು. ಒಂದು ಮನೆಯಲ್ಲಿ ಪಾತ್ರೆ ಇಳಿದರೆ ಬೀದಿಗೆಲ್ಲ ಬಟ್ಟಲು ಹೋಗಬೇಕು. ನನ್ನಮ್ಮ, ಊರವರೆಲ್ಲ ಗೌರವದಿಂದ ‘ದೋನ್ಯಾ’ ಎಂದು ಕರೆಯುವ ತೊಮಸಿನಾ, ಪಾತ್ರೆ ಇಳಿಸಿದ ದಿನ ಮಿಕ್ಕವರ ಸಿಹಿಕಾಳನ್ನು ಕೇಳುವವರೇ ಇರಲಿಲ್ಲ.

ಎದ್ದು ನಿಲ್ಲಲಾರದಿದ್ದರೂ ಅಮ್ಮ ಈ ಸಲವೂ ಮಾಡಿಸಿದಳು. ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು, ನನ್ನ ತಂಗಿ ಮಾರ್ಲೆನಿಯ ಕೈಗೆ ಸೌಟು ಕೊಟ್ಟು, “ತಳ ಹತ್ತುತ್ತೆ ಕಣೇ! ಕೈಗೇನು ಲಕ್ವ ಹೊಡೆದಿದ್ಯಾ?” ಎಂದು ಬೈಯುತ್ತ ಕೂತಳು. ಆದ ಮೇಲೆ ತಾನೇ ಬಟ್ಟಲು ತುಂಬಿ ನನ್ನ ಮುಂದೆ ಹಿಡಿದಳು.

“ತಗೋ ಎರ್ಸಿಲಿಯಾ. ಮೊದಲನೇ ಬಟ್ಟಲು ಯಾವತ್ತೂ ನಿಂದೇ ಅಲ್ವಾ.”

“ಬೇಡಮ್ಮ. ಹರಕೆ ಇದೆ.”

“ಯಾರಿಗೋಸ್ಕರ?”

ಮಾರ್ಲೆನಿಯ ಬಾಯಿ ಸುಮ್ಮನಿರಬೇಕಲ್ಲ! “ನಿನಗೋಸ್ಕರಾನೇ ಕಣಮ್ಮ! ಅಕ್ಕ ಸಂತಳಾಗ್ತಿದ್ದಾಳೆ. ಮುಂದಿನ ವರ್ಷ ಮೆರವಣಿಗೇಲಿ ಇವಳನ್ನೇ ಹೊರಬೇಕು, ಹೊತ್ತವರ ಹೆಗಲು ಮುರಿಯುತ್ತೆ ಅಷ್ಟೆ,” ಎಂದು ನಗುತ್ತ ನೆರೆಮನೆಗಳ ಬಟ್ಟಲುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟುಹೋದಳು.

ಅಮ್ಮ ನಗಲಿಲ್ಲ. “ನನ್ನ ಹೆಸರಲ್ಲಿ ದೇವರ ಹತ್ರ ವ್ಯಾಪಾರಕ್ಕೆ ಹೋಗು ಅಂತ ನಿಂಗೆ ಯಾರೇ ಹೇಳಿದ್ದು? ಬದುಕಿಸು ಅಂತ ನಾನು ಕೇಳಿದ್ನಾ? ನೀನು ಒಂದು ಬಟ್ಟಲು ತಿನ್ನೋದನ್ನ ಕಣ್ತುಂಬ ನೋಡ್ಬೇಕು, ನಂಗೆ ಅಷ್ಟೇ ಸಾಕು.”

“ಈಸ್ಟರ್ ದಿನ ತಿಂತೀನಮ್ಮ. ನಿನ್ನ ಮುಂದೇನೇ ಕೂತು ತಿಂತೀನಿ.”

“ಅಲ್ಲೀವರೆಗೆ ನಾನಿರ್ಬೇಕಲ್ಲೇ, ಮೂದೇವಿ.”

“ಇರ್ತೀಯ! ಅದಕ್ಕೇ ತಾನೇ ಬಿಟ್ಟಿರೋದು!” ಎಂದು ನಾನೂ ರೇಗಿದೆ. ಲವಂಗದ ಘಮಕ್ಕೆ ಬಾಯಲ್ಲಿ ನೀರು, ಅವಳ ಮಾತಿಗೆ ಕಣ್ಣಲ್ಲಿ ನೀರು.

ಅಮ್ಮ ಮತ್ತೆ ವಾದಿಸಲಿಲ್ಲ. ಒಂದು ಡಬ್ಬಿ ತರಿಸಿ, ಬಟ್ಟಲಲ್ಲಿದ್ದುದನ್ನು ಅದಕ್ಕೆ ಸುರಿದು, ನನಗಿಷ್ಟವೆಂದು ಗೆಣಸಿನ ಹೋಳುಗಳನ್ನು ಆರಿಸಿ ಆರಿಸಿ ಹಾಕಿದಳು. “ಫ್ರೀಜರಲ್ಲಿಡು. ಈಸ್ಟರ್ ದಿನ ಬಿಸಿ ಮಾಡ್ಕೊಂಡು ತಿನ್ನು,” ಎಂದಳು.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮಂಗಳವಾರ ಅಮ್ಮ ಸತ್ತಳು. ಮರಿಯಮ್ಮ ನನ್ನ ಸಿಹಿಯನ್ನೂ ಇಸಿದುಕೊಂಡಳು, ಅಮ್ಮನನ್ನೂ ಕರೆದುಕೊಂಡಳು. ಪಟವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಯಾರು ಏನಾದರೂ ಅಂದುಕೊಳ್ಳಲಿ.

ಆದರೂ ಹರಕೆ ಮುರಿಯಲಿಲ್ಲ. ‘ಇನ್ನು ಯಾರಿಗೋಸ್ಕರ ಬಿಡ್ತೀಯೇ?’ ಎಂದು ಮಣ್ಣಿಗೆ ಬಂದವರು ಕೇಳಿದರು. ಈಸ್ಟರ್ ದಿನ ತಿನ್ನುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ, ಆ ಮಾತಾದರೂ ಉಳಿಯಲಿ ಎಂದು ಹಟ ಹಿಡಿದೆ. ಡಬ್ಬಿ ಫ್ರೀಜರಿನಲ್ಲಿದೆ ಎಂಬ ಒಂದೇ ಧೈರ್ಯದಲ್ಲಿ ಕಹಿ ಕಾಫಿ ಕುಡಿದೆ.

ಈಸ್ಟರ್ ಭಾನುವಾರ ಪೂಜೆ ಮುಗಿಸಿ ಬಂದು ಅಮ್ಮನ ಕುರ್ಚಿಯನ್ನು ಮೇಜಿನ ಎದುರಿಗೆ ಎಳೆದೆ. ಚಮಚ ತೊಳೆದಿಟ್ಟೆ. ಫ್ರೀಜರ್ ತೆಗೆದರೆ ಬರೀ ಐಸು, ಮೀನು. ಡಬ್ಬಿ ಪಾತ್ರೆಗಳ ಸ್ಟ್ಯಾಂಡಿನಲ್ಲಿ ಬೋರಲು ಬಿದ್ದಿತ್ತು. ಇದರಲ್ಲಿದ್ದದ್ದೆಲ್ಲಿ ಎಂದು ತಂಗಿಯನ್ನು ಕೂಗಿ ಕೇಳಿದೆ.

“ಅದಾ? ಶುಕ್ರವಾರ ನೀನು ಮೆರವಣಿಗೆಗೆ ಹೋದಾಗ ಅಮ್ಮನಿಗೋಸ್ಕರ ಪ್ರಾರ್ಥನೆಗೆ ಬಂದವರಿಗೆ ಕೊಟ್ಟೆ ಅಕ್ಕ,” ಎಂದಳು ಮಾರ್ಲೆನಿ. “ಅಮ್ಮನ ಕೈರುಚಿ, ಎಲ್ಲರಿಗೂ ಒಂದೊಂದು ಚಮಚ ಸಿಗಲಿ ಅಂತ. ಅಮ್ಮ ಇದ್ದಿದ್ರೆ ಯಾರನ್ನಾದ್ರೂ ಬರಿಬಾಯಲ್ಲಿ ಕಳಿಸ್ತಿದ್ಲಾ? ತಿಂತಾ ತಿಂತಾ ಎಲ್ರೂ ಅತ್ತುಬಿಟ್ರು.”

“ನೀನೂ ತಿಂದ್ಯಾ?”

“ತಳದಲ್ಲಿ ಒಂಚೂರು ಉಳಿದಿತ್ತು.”

“ನಂಗೆ?”

ಅವಳು ನಿಜಕ್ಕೂ ಬೆರಗಾಗಿ ನೋಡಿದಳು. “ನೀನು ಸಿಹಿ ಬಿಟ್ಟಿದ್ದೀಯಲ್ಲಕ್ಕ!”

ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದೆ. ಡಬ್ಬಿಯನ್ನು ತಂದು ಅಮ್ಮನ ಕುರ್ಚಿಯ ಎದುರು ಕೂತು, ಲವಂಗದ ವಾಸನೆಯಾದರೂ ಉಳಿದಿದ್ದೀತೆಂದು ಮುಚ್ಚಳವನ್ನು ಮೂಗಿಗೆ ಒತ್ತಿಕೊಂಡೆ. ಬರೀ ಸೋಪಿನ ವಾಸನೆ. ಮಾರ್ಲೆನಿ ಚೆನ್ನಾಗಿಯೇ ತಿಕ್ಕಿ ತೊಳೆದಿದ್ದಳು.