ಚಿಕ್ಕಮಾರಯ್ಯನವರು ಆರಿಸಿಟ್ಟ ಪ್ರಿಂಟರು

ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಆ ಬೆಳಗ್ಗೆ ಮಹಾಲಿಂಗಪ್ಪನವರು ಒಬ್ಬರೇ ಕಾದು ನಿಂತಿದ್ದರು. ಎಷ್ಟೋ ವರ್ಷಗಳಿಂದ ಆರು ಗಂಟೆಗೆ ಸರಿಯಾಗಿ ಕೆಮ್ಮುತ್ತಾ ಬಂದು, "ಏನ್ ಮಾಲಿಂಗಪ್ಪ, ಇನ್ನೂ ಇದ್ದೀಯಾ?" ಎಂದು ಕೇಳುತ್ತಿದ್ದ ಗೆಳೆಯ ಚಿಕ್ಕಮಾರಯ್ಯನವರು ಆರೂವರೆಯಾದರೂ ಬರಲಿಲ್ಲ. ಬಂದವನು ಅವರ ಮಗ ಮುನಿರಾಜು. ಸ್ಕೂಟರಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಮಾವ, ಅಪ್ಪ ಹೋಗ್ಬಿಟ್ರು. ಮಲಗಿದ್ದೋರು ಏಳ್ಲೇ ಇಲ್ಲ."

ಮಹಾಲಿಂಗಪ್ಪನವರು "ಶಿವ ಶಿವಾ" ಎಂದು ಏರಿಯ ಕಲ್ಲಿನ ಮೇಲೆ ಕುಳಿತುಬಿಟ್ಟರು. ಅಳು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು, ಹುಡುಗನ ಸ್ಕೂಟರಿಗೆ ತಾವೇ ಕಾಲಿನಿಂದ ಸ್ಟ್ಯಾಂಡ್ ಹಾಕಿ, ಅವನ ಬೆನ್ನು ಸವರಿದರು. ಅದು ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಮಾಘ ಮಾಸ.

ಚಿಕ್ಕಮಾರಯ್ಯನವರು ಪದ ಕಟ್ಟುತ್ತಿದ್ದರು. ಪ್ರತಿ ಶನಿವಾರ ಅವರ ಮನೆಯ ಮುಂಗೋಣೆಯಲ್ಲಿ ಭಜನೆ. ಅವರು ಒಂದು ಸಾಲು ಹೇಳಬೇಕು, ಉಳಿದ ಹದಿನೈದಿಪ್ಪತ್ತು ಜನ ಅದನ್ನೇ ತಿರುಗಿ ಹೇಳಬೇಕು; ಅದು ಅಲ್ಲಿಯ ಪದ್ಧತಿ. ಹೀಗಾಗಿ ಯಾರಿಗೂ ಒಂದು ಪದವೂ ಪೂರ್ತಿ ಬರುತ್ತಿರಲಿಲ್ಲ. ತಾಳ ಹಾಕುತ್ತಿದ್ದ ಮಹಾಲಿಂಗಪ್ಪನವರಿಗೆ ಪಲ್ಲವಿಗಳು ಬರುತ್ತಿದ್ದವು, ಅಷ್ಟೆ. "ನನ್ ಹನ್ನೊಂದನೇ ದಿನ ಯಾರೂ ಮೂಗು ಒರೆಸ್ಕೊಂಡು ಕೂತ್ಕೋಬೇಡಿ. ನನ್ ಪದಗಳನ್ನ ಪೂರ್ತಿ ಹಾಡಿ. ತಪ್ಪು ಹಾಡಿದ್ರೆ ಎದ್ದು ಬರ್ತೀನಿ" ಎಂದು ಚಿಕ್ಕಮಾರಯ್ಯನವರು ನಗುನಗುತ್ತಾ ಹೇಳಿದ್ದರು. "ಆಯ್ತು ಕಣಯ್ಯ, ಹಾಡಿಸ್ತೀನಿ" ಎಂದು ಮಹಾಲಿಂಗಪ್ಪನವರು ತಾಳ ಮುಟ್ಟಿ ಮಾತು ಕೊಟ್ಟಿದ್ದರು.

ಪದಗಳೇನೋ ಇದ್ದವು, ಕಂಪ್ಯೂಟರಿನೊಳಗೆ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಚಿಕ್ಕಮಾರಯ್ಯನವರು ಯಾರೋ ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರೊಂದನ್ನು ತಂದಿದ್ದರು. ಎದುರುಮನೆಯ ಜೈಬುನ್ನೀಸಾ ಸರ್ಕಾರಿ ಪ್ರೌಢಶಾಲೆಯಲ್ಲಿ ಟೀಚರು. ಆಕೆ ಅದಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಕನ್ನಡ ಟೈಪಿಂಗ್ ಕಲಿಸಿಕೊಟ್ಟರು. ಒಂದೊಂದೇ ಬೆರಳಿನಲ್ಲಿ ಒತ್ತಿ ಒತ್ತಿ ಮೂರು ವರ್ಷದಲ್ಲಿ ಇಪ್ಪತ್ತೆಂಟು ಪದ ಏರಿಸಿದ್ದರು. ಹನ್ನೆರಡು ಪುಟ. ಪಾಸ್‌ವರ್ಡನ್ನು ಮರೆತುಹೋಗದಿರಲೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದರು.

ಹತ್ತನೆಯ ದಿನ ಮಧ್ಯಾಹ್ನ. ಮರುದಿನವೇ ಕಾರ್ಯ. ಮಹಾಲಿಂಗಪ್ಪನವರು ಬಂದು ನೋಡಿದರೆ ಮುನಿರಾಜು ಕಂಪ್ಯೂಟರಿನ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಹೊಸ ಪ್ರಿಂಟರು. ಹೋದ ಯುಗಾದಿಗೆ ಅಪ್ಪನಿಗೆಂದು ಅವನೇ ತಂದುಕೊಟ್ಟಿದ್ದು. ಅಪ್ಪ ಅದರ ಡಬ್ಬ ಕೂಡ ಬಿಚ್ಚಿರಲಿಲ್ಲ. "ನಂಗೆ ಹಳೇ ಪ್ರಿಂಟರೇ ಸಾಕು" ಎಂದು ಮಂಚದ ಕೆಳಗೆ ತಳ್ಳಿದ್ದರು. ಆ ನೋವು ಮಗನಿಗೆ ಇನ್ನೂ ಇತ್ತು.

"ಬೆಳಗ್ಗೆಯಿಂದ ಒತ್ತುತಾ ಇದ್ದೀನಿ ಮಾವ. ಹೊಸ ಮಿಷನ್ನು, ಲೈಟ್ ಉರೀತಿದೆ, ಹಾಳೆ ಇದೆ. ಒಂದು ಕಾಗದ ಕಕ್ತಾ ಇಲ್ಲ!"

"ಪೆನ್‌ಡ್ರೈವ್‌ಗೆ ಹಾಕ್ಕೊಂಡು ಅಂಗಡೀಲಿ ತೆಗಿಸ್ಬಾರ್ದಾ?"

"ಯಲಹಂಕ ಓಲ್ಡ್ ಟೌನ್‌ಗೆ ಹೋಗಿ ಬಂದೆ. ಅವರ ಕಂಪ್ಯೂಟರಲ್ಲಿ ಒತ್ತಕ್ಷರ ಎಲ್ಲಾ ಒಡೆದು ಹರಡ್ಕೊಂಡ್ಬಿಡ್ತು. ಅದನ್ನ ನೋಡಿದ್ರೆ ಅಪ್ಪ ಇನ್ನೊಂದ್ ಸಲ ಹೋಗ್ತಿದ್ರು."

ಒಳಗಿನಿಂದ ಮಾರಕ್ಕ ಬಂದರು. ಚಿಕ್ಕಮಾರಯ್ಯನವರ ಹೆಂಡತಿ. ಹತ್ತು ದಿನದಲ್ಲಿ ಮುಖ ಇಳಿದಿತ್ತು, ನಾಲಿಗೆ ಮಾತ್ರ ಇಳಿದಿರಲಿಲ್ಲ. "ಇಂಗೆ ಕುಟ್ತಾ ಕೂತ್ರೆ ಆಗೋದಿಲ್ಲ. ಓಗಿ ಟೀಚರಮ್ಮನ್ನ ಕರಕೊಂಬಾ."

ಜೈಬುನ್ನೀಸಾ ಬಂದವರು ಮೊದಲು ಮೂಲೆಗೆ ತಿರುಗಿ ಕೈ ಮುಗಿದರು. ಅಲ್ಲಿ ಬಿಳಿಯ ಬಟ್ಟೆ ಹಾಸಿದ ಎತ್ತರದ ಪೀಠದ ಮೇಲೆ ಚಿಕ್ಕಮಾರಯ್ಯನವರ ಫೋಟೋ, ಹೂವಿನ ಹಾರ, ಸುತ್ತ ಬಣ್ಣದ ಸೀರಿಯಲ್ ಸೆಟ್ಟು. ಕೆಳಗೆ ನೆಲದ ಮೇಲೆ ಎಣ್ಣೆಯ ದೀಪ. ಫೋಟೋ ಇಟ್ಟು ಪೂಜೆಯಾದ ಮೇಲೆ ಹನ್ನೊಂದನೆಯ ದಿನದವರೆಗೆ ಅದನ್ನು ಯಾರೂ ಕದಲಿಸುವಂತಿಲ್ಲ.

ಆಮೇಲೆ ಕುಳಿತು, ಕಳಿಸಿದ ಪ್ರಿಂಟುಗಳ ಪಟ್ಟಿ ತೆಗೆದು ನೋಡಿ ನಕ್ಕುಬಿಟ್ಟರು.

"ಎಷ್ಟು ಸಲ ಪ್ರಿಂಟ್ ಕೊಟ್ರಿ ಮುನಿರಾಜು?"

"ಒಂದ್ ಐದಾರು ಸಲ ಇರ್ಬೇಕು ಮೇಡಂ."

"ಹದಿನೇಳು! ಎಲ್ಲಾ ಸಾಲಲ್ಲಿ ನಿಂತಿವೆ. ನೀವು ಪರದೆ ಮೇಲ್ಗಡೆ ಇರೋ ಪ್ರಿಂಟ್ ಗುಂಡಿ ಒತ್ತಿದ್ದೀರಿ. ಅದು ಯಾವ ಪ್ರಿಂಟರಿಗೆ ಅಂತ ಕೇಳೋದಿಲ್ಲ, ಡೀಫಾಲ್ಟ್ ಅಂತ ಮೊದ್ಲೇ ಆರಿಸಿಟ್ಟಿರೋದು ಯಾವ್ದೋ ಅದಕ್ಕೇ ಕಳಿಸ್ತದೆ. ಡೀಫಾಲ್ಟ್ ಇನ್ನೂ ಹಳೇದೇ ಇದೆ."

ಅವರು ಪ್ರಿಂಟರುಗಳ ಪಟ್ಟಿ ತೆಗೆದರು. ಎರಡು ಚಿತ್ರಗಳು ಕಂಡವು. ಹೊಸದರ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಇಡೀ ಕಂಪ್ಯೂಟರಿಗೆ ಇದೇ ಡೀಫಾಲ್ಟ್ ಎಂದು ಆರಿಸಿದರು. ಅದರ ಮೇಲೆ ಹಸಿರು ಗುರುತು ಬಂತು. ಮುನಿರಾಜು ಚಪ್ಪಾಳೆ ತಟ್ಟಿ ಮತ್ತೆ ಅದೇ ಗುಂಡಿ ಒತ್ತಿದ. ಹೊಸ ಮಿಷನ್ನು ತೆಪ್ಪಗೆ ಕೂತಿತ್ತು.

"ಹದಿನೆಂಟು" ಎಂದರು ಜೈಬುನ್ನೀಸಾ. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, ಮಹಾಲಿಂಗಪ್ಪನವರ ಕಡೆ ತಿರುಗಿದರು. "ಓಹೋ! ತಾತ, ಇದರಲ್ಲಿ ಡೀಫಾಲ್ಟ್ ಎರಡು ಥರ. ಒಂದು ಎಲ್ಲರಿಗೂ ಸೇರಿದ್ದು. ಇನ್ನೊಂದು, ಯಾರ ಹೆಸರಲ್ಲಿ ಒಳಗೆ ಹೋಗಿದೀವೋ ಅವರ ಸ್ವಂತದ್ದು. ಸ್ವಂತದ್ದು ಇದ್ರೆ ಅದೇ ಗೆಲ್ಲೋದು. ಚಿಕ್ಕಮಾರಯ್ಯನವರು ತಮ್ಮ ಹೆಸರಲ್ಲಿ ಹಳೇದನ್ನೇ ಆರಿಸಿಟ್ಟಿದ್ದಾರೆ. ನಾವು ಅವರ ಹೆಸರಲ್ಲೇ ಒಳಗೆ ಕೂತಿದ್ದೀವಿ."

"ಈಗೇನ್ ಮಾಡ್ಬೇಕಮ್ಮ?" ಎಂದರು ಮಹಾಲಿಂಗಪ್ಪನವರು.

"ಇಲ್ಲೊಂದು ಚೌಕ ಇದೆ. ಗುರುತು ಹಾಕಿದ್ರೆ ಅವರ ಸ್ವಂತ ಆಯ್ಕೆ ಅಳಿಸಿಹೋಗ್ತದೆ. ಆಮೇಲೆ ಎಲ್ಲಾ ಹೊಸದಕ್ಕೇ ಹೋಗ್ತದೆ. ಹಾಕ್ಲಾ?"

ಮಹಾಲಿಂಗಪ್ಪನವರು ಮೂಲೆಯ ಫೋಟೋದ ಕಡೆ ನೋಡಿದರು. ಮನುಷ್ಯ ಹೋಗಿ ಹತ್ತೇ ದಿನ. ಅಂಗಿ, ಚಪ್ಪಲಿ ಆಗಲೇ ಕೊಟ್ಟಾಗಿತ್ತು. ಅವನು ತಾನೇ ಕುಳಿತು, ತನ್ನ ಬೆರಳಿನಿಂದ ಮಾಡಿಟ್ಟ ಒಂದು ಆಯ್ಕೆ ಇಲ್ಲಿ ಉಳಿದಿದೆ. ಅದನ್ನೂ ಅಳಿಸುವುದೆ? ಹಾಗೆಂದು ಅಳಿಸದಿದ್ದರೆ ನಾಳೆ ಹಾಡುವುದೇನನ್ನು? ಕೊಟ್ಟ ಮಾತೇನಾಗಬೇಕು?

"ಬ್ಯಾರೆ ದಾರಿ ಇಲ್ವಾ?" ಎಂದರು ಮಾರಕ್ಕ.

"ಇದೆಯಮ್ಮ. ಪ್ರತಿ ಸಲ ಪರದೆ ಮೇಲೆ ಪ್ರಿಂಟಿನ ಕಿಟಕಿ ತೆಗೆದು ಹೊಸದನ್ನ ಕೈಯಾರೆ ಆರಿಸಬಹುದು. ಇಲ್ಲಾ ಅಂದ್ರೆ ಆ ಹಳೇದನ್ನೇ ಆನ್ ಮಾಡಿದ್ರೂ ಆಯ್ತು. ಎಲ್ಲಿದೆ ಅದು? ಯಾರಿಗಾದ್ರೂ ಕೊಟ್ಬಿಟ್ರಾ?"

ಮುನಿರಾಜು ಮೂಲೆಯ ಕಡೆ ನೋಡಿದ. "ಅಪ್ಪನ ಕೆಳಗೇ ಇದೆ."

ಹೌದು. ಫೋಟೋ ಇಡಲು ಸಪಾಟಾದ ಎತ್ತರದ ಜಾಗ ಬೇಕೆಂದು, ಗಡಿಬಿಡಿಯಲ್ಲಿ ಆ ಹಳೆಯ ಪ್ರಿಂಟರಿನ ಮೇಲೆಯೇ ಬಿಳಿಯ ಬಟ್ಟೆ ಹೊದಿಸಿದ್ದರು. ಸೀರಿಯಲ್ ಸೆಟ್ಟಿಗೆ ಪ್ಲಗ್ಗಿನ ಜಾಗ ಸಾಲದೆ, ಅದರ ವೈರನ್ನೇ ಕಿತ್ತು ನೆಲದ ಮೇಲೆ ಬಿಟ್ಟಿದ್ದರು. ಕಂಪ್ಯೂಟರಿಗೆ ಹೋಗುವ ಇನ್ನೊಂದು ವೈರು ಹಾಗೆಯೇ ಉಳಿದಿತ್ತು.

ಮಹಾಲಿಂಗಪ್ಪನವರಿಗೆ ಅಂದು ಮೊದಲ ಬಾರಿಗೆ ನಗು ಬಂತು. ತಡೆಯಲಾಗದ ನಗು. "ಅಲ್ಲಯ್ಯ ಮುನಿರಾಜು, ಅವನ ಬಾಯಿ ಕಟ್ಟಿ, ಮೇಲೆ ಅವನನ್ನೇ ಕೂರಿಸಿ, ಹಾಡು ಹಾಡು ಅಂತ ಹದಿನೆಂಟು ಸಲ ತಿವಿದಿದ್ದೀಯಲ್ಲೋ!"

"ಫೋಟೋ ಕದಲ್ಸಂಗಿಲ್ವಲ್ಲ ಮಾವ?"

"ಫೋಟೋ ಯಾತಕ್ಕೆ ಕದಲಿಸ್ತೀಯ?" ಎಂದರು ಮಾರಕ್ಕ. "ದೀಪ ಉರೀತಾ ಅದೆ, ಅದು ಸಾಕು. ಆ ಬಣ್ಣದ ಲೈಟು ನಾನ್ ಕೇಳಿದ್ನಾ? ಕಿತ್ತಾಕು. ಐವತ್ತು ವರ್ಸ ಅವರ್ ಮನಸ್ಸಿಗೆ ಬಂದಂಗೇ ಮಾಡ್ದೋರು, ಇದೊಂದು ಅವರಿಷ್ಟದಂಗೇ ಆಗ್ಲಿ ಬಿಡು."

ಮಹಾಲಿಂಗಪ್ಪನವರೇ ಮಂಡಿಯೂರಿ ಸೀರಿಯಲ್ ಸೆಟ್ಟನ್ನು ಕಿತ್ತರು. ಪ್ರಿಂಟರಿನ ಪ್ಲಗ್ಗು ಸಿಕ್ಕಿಸಿ, 'ಶಿವನೇ' ಎಂದು ಸ್ವಿಚ್ಚು ಒತ್ತಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಬಿಳಿಯ ಬಟ್ಟೆಯ ಒಳಗಿನಿಂದ ಗರ್ ಎಂದು, ಎದ್ದವನು ಗಂಟಲು ಸರಿಮಾಡಿಕೊಂಡಂತಹ ಸದ್ದು ಬಂತು. ಹಾರ ಅಲುಗಿತು. ಬಟ್ಟೆಯ ಅಂಚು ಮೆಲ್ಲಗೆ ಮೇಲೆದ್ದು, ಅದರಡಿಯಿಂದ ಬಿಳಿಯ ಹಾಳೆಯೊಂದು ಹೊರಗೆ ಬಂತು. ತುಂಬ ಕನ್ನಡ ಅಕ್ಷರ. ಒಂದು ಒತ್ತೂ ಒಡೆದಿರಲಿಲ್ಲ.

ಅಡುಗೆಮನೆಯಿಂದ ತಟ್ಟೆ ಹಿಡಿದು ಬರುತ್ತಿದ್ದ ಚಂದ್ರವ್ವ, ಮಾರಕ್ಕನ ತಂಗಿ, ಫೋಟೋದ ಕೆಳಗಿನಿಂದ ತಾನಾಗಿ ಕಾಗದ ಬರುವುದನ್ನು ಕಂಡು "ಅಯ್ಯಯ್ಯೋ, ಭಾವ ಬಂದ್ರೂ!" ಎಂದು ಕಿರುಚಿ, ತಟ್ಟೆ ಬಿಟ್ಟು, ಉದ್ದಂಡ ನಮಸ್ಕಾರ ಹಾಕಿಬಿಟ್ಟರು.

"ಏಳೇ, ಏಳು. ಕಾಗದ ತುಳೀತೀಯ" ಎಂದರು ಮಾರಕ್ಕ. "ಇನ್ನೂ ಯಾರೂ ತಪ್ಪು ಹಾಡೇ ಇಲ್ಲ, ಆಗ್ಲೇ ಎದ್ರಾ ಅಂತ ನಾನೂ ಎದರ್ಕೊಂಡೆ." ಹಾಗೆಂದು ಸೆರಗು ಬಾಯಿಗೆ ಒತ್ತಿ ನಕ್ಕರು. ನಗುತ್ತಾ ನಗುತ್ತಾ ಅತ್ತರು. ಹತ್ತು ದಿನದಲ್ಲಿ ಅವರು ಅತ್ತದ್ದು ಅದೇ ಮೊದಲು.

ಮಿಷನ್ನು ನಿಲ್ಲಲಿಲ್ಲ. ಹಾಳೆ ಮುಗಿದಾಗ ಕೂಗಿ ಕರೆಯಿತು, ತುಂಬಿಸಿದರೆ ಮತ್ತೆ ಹೊರಟಿತು. ಮುನಿರಾಜು ಪುಟ ಜೋಡಿಸಿದ, ಜೈಬುನ್ನೀಸಾ ಪಿನ್ನು ಹೊಡೆದರು, ಚಂದ್ರವ್ವ ಒಂದೊಂದು ಪುಸ್ತಕವನ್ನೂ ಕಣ್ಣಿಗೊತ್ತಿಕೊಂಡು ಸಾಲಾಗಿ ಇಟ್ಟರು. ಹದಿನೆಂಟನೆಯ ಪ್ರತಿ ಮುಗಿಯುವ ಹೊತ್ತಿಗೆ ಅಕ್ಷರ ಮಂಕಾಗತೊಡಗಿತು. ಬೇಕಾದದ್ದು ಮೂವತ್ತು.

"ಪಾಪ, ಸುಸ್ತಾಯ್ತು ಅದಕ್ಕೆ" ಎಂದರು ಮಹಾಲಿಂಗಪ್ಪನವರು. ಮುನಿರಾಜು ತನ್ನ ಹೊಸ ಪ್ರಿಂಟರಿನ ಪಕ್ಕದಲ್ಲಿ ಸುಮ್ಮನೆ ನಿಂತಿರುವುದು ಅವರ ಕಣ್ಣಿಗೆ ಬಿತ್ತು. "ಟೀಚರಮ್ಮ, ಇವನ ಹೆಸರಲ್ಲೂ ಒಂದು ಬಾಗಿಲು ತೆಗೆಯೋಕಾಗ್ತದಾ ಇದರಲ್ಲಿ? ಅಪ್ಪನದ್ದು ಅಪ್ಪನಿಗಿರಲಿ. ಮಗ ತನಗೆ ಬೇಕಾದ್ದನ್ನ ಆರಿಸ್ಕೊಳ್ಳಲಿ."

"ಯಾಕಾಗಲ್ಲ ತಾತ?"

ಐದು ನಿಮಿಷದಲ್ಲಿ ಮುನಿರಾಜುವಿನ ಹೆಸರು ಪರದೆಯ ಮೇಲೆ ಅಪ್ಪನ ಹೆಸರಿನ ಕೆಳಗೆ ಬಂತು. ಪದಗಳ ಒಂದು ಪ್ರತಿಯನ್ನು ಅಲ್ಲಿಗೂ ಹಾಕಿಕೊಟ್ಟು, ಜೈಬುನ್ನೀಸಾ ಮೌಸನ್ನು ಅವನ ಕೈಗೇ ಕೊಟ್ಟರು. ಅವನು ಹೊಸ ಪ್ರಿಂಟರನ್ನು ತನ್ನ ಸ್ವಂತದ್ದೆಂದು ಆರಿಸಿದ. ಹೊಸ ಮಿಷನ್ನಿನಿಂದ ಉಳಿದ ಹನ್ನೆರಡು ಪುಸ್ತಕ ಕಪ್ಪಗೆ, ಚೊಕ್ಕಟವಾಗಿ ಬಂದವು. ಮೊದಲನೆಯದನ್ನು ಅವನು ಅಪ್ಪನ ಮುಂದಿಟ್ಟ.

ಮರುದಿನ ಎಡೆ ಇಟ್ಟು ಪೂಜೆಯಾದ ಮೇಲೆ ಮುಂಗೋಣೆ ತುಂಬ ಜನ ಕುಳಿತರು. ಎಲ್ಲರ ಕೈಯಲ್ಲೂ ಪುಸ್ತಕ. ಮೊದಲ ಸಾಲು ಹೇಳಿಕೊಡುವವರು ಇರಲಿಲ್ಲ. ಮಹಾಲಿಂಗಪ್ಪನವರು ಒಂದು ಗಳಿಗೆ ಅಭ್ಯಾಸದಿಂದ ಕಾದು, ಆಮೇಲೆ ತಾವೇ ತೆಗೆದುಕೊಂಡರು. ಶ್ರುತಿ ಸ್ವಲ್ಪ ಮೇಲಾಯಿತು. ಯಾರೂ ಅದನ್ನು ಗಣಿಸಲಿಲ್ಲ. ಮೊದಲಿಂದ ಕೊನೆಯವರೆಗೆ ಇಪ್ಪತ್ತೆಂಟು ಪದಗಳನ್ನೂ ಒಂದು ಚರಣ ಬಿಡದೆ ಹಾಡಿದರು. ಹಾಡುತ್ತಾ ಹೋದಂತೆ ಗೆಳೆಯ ಎಷ್ಟು ದೊಡ್ಡವನಿದ್ದನೆಂದು ಮಹಾಲಿಂಗಪ್ಪನವರಿಗೆ ಗೊತ್ತಾಗುತ್ತಾ ಹೋಯಿತು. ಇಷ್ಟು ವರ್ಷ ಅವರು ಅವನನ್ನು ಸಾಲು ಸಾಲಾಗಿ ಮಾತ್ರ ಕೇಳಿದ್ದರು.

ಮಂಗಳಾರತಿಯಾಯಿತು. ಅವರು ತಾಳವನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಕೈ ಜೋಡಿಸಿದರು.

"ಪರಮೇಶ್ವರಾ, ನಮ್ಮ ಚಿಕ್ಕಮಾರಯ್ಯ ನಿನ್ನ ಹೆಸರು ಹೇಳಿಕೊಂಡೇ ಬಾಳಿದ, ನಾಲ್ಕು ಜನರ ಬಾಯಲ್ಲೂ ಹೇಳಿಸಿದ. ಅವನನ್ನು ನಿನ್ನ ಪಾದದ ಹತ್ತಿರ ಕೂರಿಸಿಕೋ. ಈ ಮನೆಯ ಚಿಂತೆ ಅವನನ್ನು ತಾಗದಿರಲಿ, ನಮ್ಮ ಕಣ್ಣೀರು ಅವನ ದಾರಿಗೆ ಅಡ್ಡ ಬಾರದಿರಲಿ. ಆ ಜೀವಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು."