ಅಕ್ಕಿಯಲ್ಲಿ ಬರೆದ ಹೆಸರು

ಬುಟ್ಟಿಯೊಳಗಿನ ಮೆಣಸಿನಕಾಯಿ ಅರ್ಧಕ್ಕೆ ಬಂದಿತ್ತು. ದೇಟು ಮುರಿದು ಎಡಕ್ಕೆ, ಕಾಯಿ ಬಲಕ್ಕೆ. ನಡುವೆ ಬಣ್ಣ ಹೋದ ಬಿಳಿಗಾಯಿ ಸಿಕ್ಕರೆ ಅದು ಬೇರೆ. ಮೃಣಾಲಿನಿಯ ಕೈ ತನ್ನ ಪಾಡಿಗೆ ತಾನು ನಡೆದಿತ್ತು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಬಾಗಿಲು ಹಾಕಿದ್ದರೂ ಓಣಿಯ ದಲಾಲರ ಮನೆಯವರು ವಾಡಿಕೆಯಂತೆ ಒಂದು ಚೀಲ ಕಾಯಿ ಕಳಿಸಿಕೊಟ್ಟಿದ್ದರು. ಲಾಕ್‌ಡೌನ್ ಇರಲಿ ಬಿಡಲಿ, ವರ್ಷದ ಖಾರ ಕುಟ್ಟಿಸಲೇಬೇಕಲ್ಲ. ಎದುರಿಗೆ ಗೋಡೆಗೆ ಬೆನ್ನು ಕೊಟ್ಟು ಕೂತ ಅತ್ತೆ ಇಂದಿರಾಬಾಯಿ ಕಾಯಿಗೊಂದು ಕಥೆ ಹೇಳುತ್ತ ನಿಧಾನವಾಗಿ ದೇಟು ಮುರಿಯುತ್ತಿದ್ದರು. ಸೊಸೆ ಹೂಂಗುಡುತ್ತಿಲ್ಲ ಎಂಬುದು ಅವರ ಗಮನಕ್ಕೆ ಇನ್ನೂ ಬಂದಿರಲಿಲ್ಲ.

ಬೆಳಿಗ್ಗೆ ಮೋಟೆಬೆನ್ನೂರು ರಸ್ತೆಯಲ್ಲಿ ಕೇಳಿದ ಮಾತು ಮೃಣಾಲಿನಿಯ ಕಿವಿಯೊಳಗೆ ಕೂತುಬಿಟ್ಟಿತ್ತು. ಆ ಮಾತು ಏನೆಂದು ಹೇಳಬೇಕಾದರೆ ಅವಳ ಹೆಸರಿನಿಂದಲೇ ಶುರು ಮಾಡಬೇಕು.

ಹುಟ್ಟಿದಾಗ ಅವಳಿಗಿಟ್ಟ ಹೆಸರು ವತ್ಸಲಾ. ಹಾವೇರಿಯ ತವರಿನಲ್ಲಿ ಈಗಲೂ ವಚ್ಚಿ. ಇವರ ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ತಟ್ಟೆಯಲ್ಲಿ ಅಕ್ಕಿ ಹರವುತ್ತಾರೆ, ಮದುಮಗ ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಮಗ ಗಂಗಾಧರ ಆದ್ದರಿಂದ ಸೊಸೆ ಗೌರಿಯಾಗಲಿ ಎಂದು ಇಂದಿರಾಬಾಯಿ ಬಹಳ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರು. ಗಂಗಾಧರನೂ ತಾಯಿಯ ಮಾತು ಮೀರಿದವನಲ್ಲ. ಅಂಗಿಯ ಬಟ್ಟೆಯನ್ನು ಕೂಡ ತಾಯಿಯೇ ಆರಿಸಬೇಕು. ಅಂಥವನು ತಟ್ಟೆಯ ಮೇಲೆ ಬಗ್ಗಿ, ಯಾರ ಮುಖವನ್ನೂ ನೋಡದೆ, ‘ಮೃಣಾಲಿನಿ’ ಎಂದು ಬರೆದ. ಭಟ್ಟರು ಎರಡು ಸಲ ಓದಿ ನೋಡಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಂದಿರಾಬಾಯಿಗೆ ಆ ಹೆಸರು ಅಂದೂ ಬಾಯಿಗೆ ಹತ್ತಲಿಲ್ಲ, ಇಂದೂ ಹತ್ತಿಲ್ಲ.

ತಲೆ ಬಗ್ಗಿಸಿ ಕೂತಿದ್ದ ಮದುಮಗಳಿಗೆ ಮಾತ್ರ ಮೈಯೆಲ್ಲ ಜುಮ್ಮೆಂದಿತ್ತು. ಇನ್ನೂ ನಾಲ್ಕು ಮಾತು ಕೂಡ ಆಡದ ಈ ಮನುಷ್ಯ, ಅಷ್ಟು ಜನರೆದುರು ತಾಯಿಯ ಮಾತು ಬದಿಗಿಟ್ಟು, ತನಗಾಗಿ ಎಲ್ಲಿಂದಲೋ ಇಂಥದೊಂದು ಹೆಸರು ಹುಡುಕಿ ತಂದಿದ್ದಾನೆ ಎಂದುಕೊಂಡಿದ್ದಳು.

ಹುಡುಕಿ ತಂದವನು ಮುಂದೆ ಆ ಹೆಸರು ಹಿಡಿದು ಕರೆಯಲೇ ಇಲ್ಲ. ಮೊದಲು ‘ಏ, ಇಲ್ಲೆ ಕೇಳು’ ಎನ್ನುತ್ತಿದ್ದ, ಮಗಳು ಹುಟ್ಟಿದ ಮೇಲೆ ‘ನಂದಿತಾನ ಅವ್ವ’ ಎಂದ. ಕೆಟ್ಟ ಗಂಡನಲ್ಲ. ಹಾವೇರಿಯ ಕಾಲೇಜಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಹೋದರೆ ಸಂಜೆಗೆ ಬಂದು, ಉಂಡು, ಪೇಪರು ಓದಿ ಮಲಗುವವನು. ಒಂದು ದಿನವೂ ದನಿ ಏರಿಸಿದವನಲ್ಲ. ಜಗಳವಿಲ್ಲದ ಮನೆ ಎಂದು ಓಣಿಯವರು ಹೊಗಳುತ್ತಿದ್ದರು. ಜಗಳಕ್ಕಾದರೂ ಇಬ್ಬರು ಎದುರುಬದುರು ಕೂತು ಮಾತಾಡಬೇಕಲ್ಲ ಎಂದು ಅವಳು ಒಳಗೊಳಗೇ ಅಂದುಕೊಳ್ಳುತ್ತಿದ್ದಳು. ಆದರೂ ಮನಸ್ಸು ತೀರ ಬರಿದಾದ ದಿನಗಳಲ್ಲಿ ಆ ಅಕ್ಕಿಯ ತಟ್ಟೆಯನ್ನು ನೆನಪು ಮಾಡಿಕೊಳ್ಳುವಳು. ಹೇಳಲು ಬಾರದವನು, ಆದರೆ ಒಂದು ಸಲ ಹೇಳಿದ್ದಾನೆ, ಬರೆದು ತೋರಿಸಿದ್ದಾನೆ. ಅಷ್ಟರ ಮೇಲೆ ಅವಳು ಇಷ್ಟು ವರ್ಷದ ಸಂಸಾರ ನಿಲ್ಲಿಸಿಕೊಂಡು ಬಂದಿದ್ದಳು.

ಕೊರೊನಾದ ಎರಡನೆಯ ವರ್ಷ ಮತ್ತೆ ಎಲ್ಲ ಬಂದ್ ಆಯಿತು. ಬೈಕು ಹೊರಗೆ ತಂದರೆ ಪೊಲೀಸರು ಕಸಿದುಕೊಳ್ಳುತ್ತಿದ್ದರು. ನಂದಿತಾ ಧಾರವಾಡದ ಹಾಸ್ಟೆಲ್ಲಿನಲ್ಲೇ ಉಳಿದಳು. ಕಂಪ್ಯೂಟರಿನ ಮುಂದೆ ಪಾಠ ಹೇಳಿ ಹೇಳಿ ಬೇಸತ್ತ ಗಂಗಾಧರ ಒಂದು ದಿನ ಹಿತ್ತಲಿನಲ್ಲಿ ತುಕ್ಕು ಹಿಡಿದು ನಿಂತಿದ್ದ ತನ್ನ ಕಾಲೇಜು ಕಾಲದ ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ನಸುಕಿನಲ್ಲಿ ಹೊರಟ. ಬರುವಾಗ ಮುಖದ ಕಳೆಯೇ ಬೇರೆಯಾಗಿತ್ತು. ಕೆಲವು ದಿನ ಒಬ್ಬನೇ ಹೋದ. ಆಮೇಲೆ ಚಹಾ ಕುಡಿಯುತ್ತ, ನಂದಿತಾಳ ಶಾಲೆಯ ಸೈಕಲ್ಲು ಸುಮ್ಮನೆ ನಿಂತಿದೆಯಲ್ಲ, ನೀನೂ ಬಾ ಎಂದ.

ಅವಳಿಗೆ ಸೈಕಲ್ಲು ಬರುತ್ತಿರಲಿಲ್ಲ. ಅವನೇ ಕಲಿಸಿದ. ಸುಗ್ಗಿಯಲ್ಲಿ ಲಾರಿ, ಟ್ರ್ಯಾಕ್ಟರು, ಹಮಾಲರಿಂದ ಕಾಲಿಡಲೂ ಜಾಗವಿಲ್ಲದ ಕೋಲ್ಡ್ ಸ್ಟೋರೇಜಿನ ರಸ್ತೆ ಆಗ ನಾಯಿಗಳಿಗೆ ಬಿಟ್ಟುಕೊಟ್ಟಂತಿತ್ತು. ಅವನು ಸೀಟು ಹಿಡಿದು ಹಿಂದೆ ಓಡುತ್ತಿದ್ದ. ಕೆಳಗೆ ನೋಡಬೇಡ, ಮುಂದೆ ನೋಡು ಎನ್ನುತ್ತಿದ್ದ. ಅವಳು ಬಿದ್ದು ಮೊಣಕಾಲು ತರಚಿಕೊಂಡಾಗ ಇಬ್ಬರೂ ರಸ್ತೆಯ ಬದಿಗೆ ಕೂತು ನಕ್ಕರು. ಗಂಡ ಬಾಯಿ ತೆರೆದು ನಗುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಮಗಳ ಚೂಡಿದಾರ ತೊಟ್ಟು ಹೊರಟ ಸೊಸೆಯನ್ನು ಇಂದಿರಾಬಾಯಿ ಸುಮ್ಮನೆ ಬಿಡಲಿಲ್ಲ. "ನಿಮ್ಮ ಮಾವನವರು ಇರಬೇಕಿತ್ತು ನೋಡು," ಎಂದರು. "ಓಣ್ಯಾಗ ಡೇರೆ ಹಾಕಿ, ಟಿಕೀಟು ಇಟ್ಟು ನಿಮ್ಮಿಬ್ಬರ ಸರ್ಕಸ್ ತೋರಸ್ತಿದ್ರು."

ಸೀಟಿನಿಂದ ಕೈಬಿಟ್ಟ ಮೇಲೆ ಅವನು ಅವಳನ್ನು ಮುಂದೆ ಕಳಿಸಿದ. ತಾನು ಹಿಂದೆ ಬರುತ್ತೇನೆ, ನೀನು ಕಣ್ಣಿಗೆ ಕಾಣುತ್ತಿದ್ದರೆ ಆಯಿತು ಎಂದ. ಹಾಗೆ ಹೋಗುವಾಗಲೇ ಒಮ್ಮೆ ಹಿಂದಿನಿಂದ ಹಾಲಿನ ಗಾಡಿ ಬಂತು. "ಮೃಣಾಲಿನಿ, ಬಾಜೂಕ," ಎಂದು ಕೂಗಿದ. ಗಾಡಿ ದಾಟಿ ಹೋಯಿತು. ಅವಳ ಹ್ಯಾಂಡಲ್ಲು ಮಾತ್ರ ಅಲುಗಾಡುತ್ತಲೇ ಇತ್ತು. ಮದುವೆಯಾದ ಮೇಲೆ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ಗಾಡಿ ಬರದಿದ್ದರೂ ಕರೆಯತೊಡಗಿದ. ಮೃಣಾಲಿನಿ, ಹೊಲದಲ್ಲಿ ನವಿಲು ನೋಡು. ಮೃಣಾಲಿನಿ, ಇಳಿಜಾರು ಬಂತು, ಬ್ರೇಕಿನ ಮೇಲೆ ಕೈ ಇರಲಿ. ಗಾಳಿಯಲ್ಲಿ ತೇಲಿ ಬರುವ ಆ ದನಿಯಲ್ಲಿ ಒಂದು ಹರೆಯವಿತ್ತು. ಮನೆಗೆ ಬಂದೊಡನೆ ಮತ್ತೆ ‘ನಂದಿತಾನ ಅವ್ವ’. ಅದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ತಾಯಿಯೆದುರು ನಾಚಿಕೆ ಇರಬೇಕು, ರಸ್ತೆಯೇ ನಮ್ಮ ಮನೆ ಎಂದುಕೊಂಡಳು. ಹಾವೇರಿಯಲ್ಲಿದ್ದ ತನ್ನ ಅವ್ವನಿಗೆ ಫೋನಿನಲ್ಲಿ, ಯಾರಿಗೂ ಹೇಳಬೇಡ ಎಂದು ಹೇಳಿ, ಅವರು ಈಗ ಹೆಸರು ಹಿಡಿದು ಕರೀತಾರೆ ಎಂದು ಪಿಸುಗುಟ್ಟಿದ್ದಳು. ನಾಲ್ಕು ಹೆಜ್ಜೆ ದೂರದ ಹಾವೇರಿಗೂ ಹೋಗುವಂತಿಲ್ಲದ ಆ ದಿನಗಳಲ್ಲಿ, ಊರೆಲ್ಲ ಸಾವಿನ ಸುದ್ದಿ ಕೇಳಿ ನಡುಗುತ್ತಿದ್ದಾಗ, ಲಾಕ್‌ಡೌನು ಇನ್ನಷ್ಟು ದಿನ ಇರಲಿ ಎಂದು ಅವಳು ದೇವರ ಮುಂದೆ ನಿಂತು ಬೇಡಿಕೊಂಡದ್ದೂ ಉಂಟು. ಬೇಡಿಕೊಂಡು, ಎಂಥ ಪಾಪಿ ನಾನು ಎಂದು ಕೆನ್ನೆ ತಟ್ಟಿಕೊಂಡಿದ್ದಳು.

ಇವತ್ತು ಬೆಳಿಗ್ಗೆಯೂ ಹಾಗೆಯೇ ಹೊರಟರು. ಹೆದ್ದಾರಿಗೆ ಮೊದಲು ಪೊಲೀಸರು ಬ್ಯಾರಿಕೇಡ್ ಇಟ್ಟಿದ್ದರು. ದಿನವೂ ಅಲ್ಲಿಂದ ಹೊರಳುವುದು. ಅಲ್ಲಿ ಕಾಯಿಪಲ್ಲೆ ತುಂಬಿದ ಟೆಂಪೊ ನಿಂತಿತ್ತು, ಅದರ ಚಾಲಕ ಪಾಸು ತೋರಿಸುತ್ತಿದ್ದ. "ಮೃಣಾಲಿನಿ, ಅಲ್ಲೇ ನಿಲ್ಲು," ಎಂದು ಗಂಗಾಧರ ಹಿಂದಿನಿಂದ ಕೂಗಿದ. ಟೆಂಪೊದವನು ಗಕ್ಕನೆ ಇತ್ತ ತಿರುಗಿದ.

"ಯಾರಪಾ ಅದು, ಗಂಗಾಧರನ ದನಿ ಕೇಳಿದಂಗಾತು?"

ಬಿಳಿ ಗಡ್ಡದ, ದಪ್ಪನೆಯ ಮನುಷ್ಯ. ಬಾಯಿಗೆ ಟವೆಲ್ಲು ಕಟ್ಟಿಕೊಂಡಿದ್ದ. ರಾಣೆಬೆನ್ನೂರಿನ ಗೂಡುಸಾಬ. ಗಂಗಾಧರ ಅಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜು ಓದುವಾಗಿನ ಗೆಳೆಯ; ಅವನ ಅಪ್ಪನದು ಕಾಲೇಜಿನ ಹತ್ತಿರ ಸೈಕಲ್ ಅಂಗಡಿ. ಇಷ್ಟು ವರ್ಷದ ಮೇಲೆ ಸಿಕ್ಕ ಗೆಳೆಯನನ್ನು ಅಪ್ಪಿಕೊಳ್ಳಲು ಬಂದವನು ಕೊರೊನಾ ನೆನಪಾಗಿ ದೂರವೇ ನಿಂತ. ಆಮೇಲೆ ಅವನ ಕಣ್ಣು ಮಾಸ್ಕ್ ಹಾಕಿ, ತಲೆಗೆ ಓಢಣಿ ಸುತ್ತಿ, ಸೈಕಲ್ಲು ಹಿಡಿದು ನಿಂತ ಹೆಂಗಸಿನ ಮೇಲೆ ಬಿತ್ತು. ಕಣ್ಣು ಅಗಲವಾದವು.

"ಮೃಣಾಲಿನಿ ಅಂದ್ಯಲ್ಲೋ! ಅಂದ್ರ ಕಡೀಗೂ ಅಕೀನ್ನ ಮಾಡ್ಕೊಂಡಿ. ಮಗನ, ಒಂದು ಮಾತು ತಿಳಸಬಾರದೇನ? ನಾವು ಸುಮ್‌ಸುಮ್ಮನ ಮರಗಿದ್ವಿ ಇಷ್ಟು ವರ್ಷ." ಅವಳ ಕಡೆ ತಿರುಗಿ ಕೈಮುಗಿದ. "ಯಕ್ಕಾರ, ಗುರ್ತ ಸಿಕ್ತ್ರಿ? ನಾ ಗೂಡುಸಾಬ. ನಿಮ್ಮ ಸೈಕಲ್ಲಿಗೆ ಗಾಳಿ ಹೊಡೀತಿದ್ನಲ್ರೀ. ಸಂಜಿ ಆತಂದ್ರ ಮೇಡ್ಲೇರಿ ರೋಡ್ ಹಿಡದು ಹೊಳಿ ತನಕ. ನೀವು ಮುಂದ, ಇಂವ ಹಿಂದ. ಮೃಣಾಲಿನಿ, ಮೃಣಾಲಿನಿ ಅಂತ ಒದರಿದ್ದ ಒದರಿದ್ದು. ನಿಮ್ಮ ಅಪ್ಪಾರಿಗೆ ಬ್ಯಾಂಕಿನ್ಯಾಗ ವರ್ಗ ಆಗಿ ನೀವು ಹೋದ ಮ್ಯಾಲ ಇಂವ ಕೂಳು ಬಿಟ್ಟು ಮಕ್ಕೊಂಡಿದ್ದ, ಗೊತ್ತೈತೇನ್ರಿ ನಿಮಗ?"

ಅವಳ ಕೈ ತಾನಾಗಿ ಮಾಸ್ಕಿನ ಕಡೆ ಹೋಯಿತು. ಅದನ್ನು ಕೆಳಗಿಳಿಸಿದರೆ ಸಾಕಿತ್ತು, ಬೇರೆ ಮುಖ ಕಾಣುತ್ತಿತ್ತು. ಗಂಡನ ಕಡೆ ನೋಡಿದಳು. ಸೈಕಲ್ಲಿಗೆ ಆತುಕೊಂಡು ನಿಂತ ಗಂಗಾಧರನ ಕಣ್ಣಲ್ಲಿ ಅವಳು ಎಂದೂ ಕಾಣದ ದೈನ್ಯವಿತ್ತು. ಸುಳ್ಳೆಂದು ಹೇಳುವ ಶಕ್ತಿಯೂ ಇಲ್ಲದ, ನಿಜವೆಂದು ಒಪ್ಪುವ ಶಕ್ತಿಯೂ ಇಲ್ಲದ ಮುಖ.

ಅವಳು ಕೈ ಇಳಿಸಿದಳು.

"ಗುರ್ತ ಸಿಕ್ತ್ರಿ," ಎಂದಳು.

ಗೂಡುಸಾಬ ಹಿಗ್ಗಿ ಹೋದ. ಆವಾಗ ಎಷ್ಟು ಮಾತಾಡುತ್ತಿದ್ದಿರಿ, ಈಗ ಇವನ ಹಾಗೇ ಮೂಕ ಆಗಿದ್ದೀರಿ ಎಂದು ನಗಾಡಿದ. ಬೇಡ ಬೇಡ ಎಂದರೂ ಮುಳಗಾಯಿ, ಕೊತ್ತಂಬರಿ ತಂದು ಅವಳ ಸೈಕಲ್ಲಿನ ಬುಟ್ಟಿಗೆ ಸುರಿದ. ಎಲ್ಲ ಸರಿಹೋದ ಮೇಲೆ ರಾಣೆಬೆನ್ನೂರಿಗೆ ಇಬ್ಬರೂ ಊಟಕ್ಕೆ ಬರಬೇಕು ಎಂದು ಮಾತು ತೆಗೆದುಕೊಂಡ. ಇಂಥ ಕೆಟ್ಟ ಕಾಲದಲ್ಲಿ ನಿಮ್ಮಿಬ್ಬರನ್ನು ಒಟ್ಟಿಗೆ ನೋಡಿ ಜೀವ ತಂಪಾಯಿತು ಎಂದವನ ಕಣ್ಣು ಖರೆಯೇ ಒದ್ದೆಯಾಗಿತ್ತು. ಪೊಲೀಸರು ಸೀಟಿ ಊದಿದರು. ಟೆಂಪೊ ಹೊರಟಿತು.

ಮರಳಿ ಬರುವಾಗ ಎರಡು ಟ್ರ್ಯಾಕ್ಟರು, ಒಂದು ಆಂಬುಲೆನ್ಸು ದಾಟಿ ಹೋದವು. ಹಿಂದಿನಿಂದ ಯಾವ ಕೂಗೂ ಬರಲಿಲ್ಲ. ಅವಳು ಮುಂದೆ ನೋಡುತ್ತ ಪೆಡಲು ತುಳಿದಳು. ಬಿಸಿಲು ಇನ್ನೂ ಏರಿರಲಿಲ್ಲ. ಈ ರಸ್ತೆ ಮೋಟೆಬೆನ್ನೂರಿನದಲ್ಲ, ಮೇಡ್ಲೇರಿಯದು ಅನ್ನಿಸಿತು; ಇಷ್ಟು ದಿನವೂ ಅವನು ಅಲ್ಲೇ ಇದ್ದ. ಅವನ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಬೆನ್ನು ಅಷ್ಟೆ. ಹಿಂದಿನಿಂದ ಯಾರ ಬೆನ್ನಾದರೇನು.

ಅಕ್ಕಿಯ ತಟ್ಟೆಯೂ ಅದರ ಹಿಂದೆಯೇ ನೆನಪಿಗೆ ಬಂತು. ಗೌರಿಯಾಗಿದ್ದರೂ ಆಗುತ್ತಿತ್ತು, ವತ್ಸಲಾ ಆಗಿಯೇ ಉಳಿದಿದ್ದರೂ ಆಗುತ್ತಿತ್ತು. ಅವನು ಬೈದಿದ್ದರೆ, ಹೊಡೆದಿದ್ದರೆ, ಅತ್ತು ಕರೆದು ಹಗುರಾಗುತ್ತಿದ್ದಳೇನೋ. ಇದಕ್ಕೆ ಯಾವ ಹೆಸರಿಟ್ಟು ಅಳಬೇಕು? ಅವನೇನೂ ಅವಳಿಗೆ ಮೋಸ ಮಾಡಿರಲಿಲ್ಲ. ಇನ್ನೊಬ್ಬಳ ಹೆಸರಿಗೆ ಇವಳನ್ನು ಕಾವಲಿಟ್ಟಿದ್ದ ಅಷ್ಟೆ.

"ಇವತ್ತ ಕೈ ಏನ ಜೋರ ನಡದದ," ಎಂದರು ಎದುರಿಗೆ ದೇಟು ಮುರಿಯುತ್ತಿದ್ದ ಇಂದಿರಾಬಾಯಿ. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ತುಸು ಅಡ್ಡಾಗುತ್ತೇನೆ ಎಂದು ಒಳಗೆ ಹೋದರು.

ಅವರು ಹೋಗುವುದನ್ನೇ ಕಾಯುತ್ತಿದ್ದವನಂತೆ ಗಂಗಾಧರ ಬಂದು ಹೊಸ್ತಿಲ ಮೇಲೆ ನಿಂತ. ಒಂದು ಮೆಣಸಿನಕಾಯಿ ಎತ್ತಿಕೊಂಡು, ದೇಟು ಮುರಿಯದೆ ಹಾಗೇ ಬುಟ್ಟಿಗೆ ಹಾಕಿದ.

"ಗೂಡುಸಾಬ ಮೊದಲಿಂದಾನೂ ಹಂಗ. ಬಾಯಿಗೆ ಬಂದದ್ದು ಮಾತಾಡ್ತಾನ."

ಅವಳು ಕೈ ನಿಲ್ಲಿಸಲಿಲ್ಲ.

"ನೀ ಮಾಸ್ಕ್ ತಗೀಲಿಲ್ಲ," ಎಂದ. "ಛಲೋ ಮಾಡಿದಿ."

ಅಷ್ಟು ಹೊತ್ತು ಎಲ್ಲೋ ಸಿಕ್ಕಿಕೊಂಡಿದ್ದ ನೋವು ಆಗ ಸರಿಯಾದ ಜಾಗಕ್ಕೆ ಬಂದು ಮುಟ್ಟಿತು. ಅವನು ಕ್ಷಮೆ ಕೇಳುತ್ತಾನೆಂದು ಅವಳು ಕಾದಿರಲಿಲ್ಲ. ಮೆಚ್ಚುತ್ತಾನೆಂದೂ ಅಂದುಕೊಂಡಿರಲಿಲ್ಲ.

"ಅಕಿ ಈಗ ಎಲ್ಲೆ ಇರ್ತಾಳ?" ಎಂದು ಕೇಳಿದಳು.

"ಗೊತ್ತಿಲ್ಲ. ಇದ್ದಾಳೋ ಇಲ್ಲೋ, ಅದೂ ಗೊತ್ತಿಲ್ಲ. ಈ ಜಡ್ಡಿನ್ಯಾಗ ಯಾರ ಸುದ್ದಿ ಯಾರಿಗೆ ಗೊತ್ತಾಗ್ತದ," ಎಂದ. ಅವನ ದನಿ ಒಡೆಯಿತು.

ಆ ದನಿ ಕೇಳಿ ಅವಳಿಗೆ ಅವನ ಮೇಲೇ ಮರುಕ ಹುಟ್ಟಿತು, ಅದೇ ಎಲ್ಲಕ್ಕಿಂತ ದೊಡ್ಡ ಕಷ್ಟವಾಯಿತು. ನೀರು ಕುಡಿಯುತ್ತೀರಾ ಎಂದಳು. ಬೇಡವೆಂದು ಅವನು ಪಾಠಕ್ಕೆ ಹೋದ.

ಸಂಜೆ ಹಾವೇರಿಯಿಂದ ಫೋನು ಬಂತು. ಇವತ್ತು ಎಲ್ಲಿ ತನಕ ಹೋಗಿದ್ದಿರಿ ಎಂದು ಅವ್ವ ಕೇಳಿದಳು. ಪೊಲೀಸರಿದ್ದಲ್ಲಿ ತನಕ ಎಂದಳು ಇವಳು.

"ವಚ್ಚೀ, ನೀ ಬ್ಯಾಡಂದ್ರೂ ನಾ ಎಲ್ಲಾರಿಗೂ ಹೇಳೇನಿ ನೋಡು. ಅಳಿಯಂದಿರು ನಮ್ಮ ಹುಡುಗೀನ್ನ ಹೆಸರು ಹಿಡದು ಕರೀತಾರಂತ. ನನಗಷ್ಟು ಸಾಕವಾ, ಇನ್ನ ಈ ಜಡ್ಡು ಬಂದು ಒಯ್ದರೂ ಸೈ."

"ಏನೇನರ ಮಾತಾಡಬ್ಯಾಡ ಅವ್ವ," ಎಂದಳು. ಮೂಗು ಒರೆಸಿಕೊಂಡಳು. ಖಾರದ ಘಾಟು ಎಂದು ಹೇಳಿ ಫೋನು ಇಟ್ಟಳು.

ದೇವರ ದೀಪ ಹಚ್ಚಿ ಬರುವಾಗ ಗಂಗಾಧರ ಅಂಗಳದಲ್ಲಿ ಎರಡೂ ಸೈಕಲ್ಲಿನ ಗಾಳಿ ಒತ್ತಿ ನೋಡುತ್ತಿದ್ದ. ಮುಖ ಎತ್ತದೆಯೇ, "ನಾಳೆ ಲಗೂ ಹೊರಡೂಣು, ಬಿಸಿಲು ಏರೂದ್ರೊಳಗ," ಎಂದ. ಅದರಲ್ಲೊಂದು ಪ್ರಶ್ನೆ ಇತ್ತು, ಅದು ಅವಳಿಗೆ ತಿಳಿಯಿತು. ಹೂಂ ಎಂದಳು.

ಹೋಗುವುದು ಹೌದು. ಇಳಿಜಾರಿನಲ್ಲಿ ಮುಖಕ್ಕೆ ಬಡಿಯುವ ಆ ತಂಗಾಳಿ ಅವಳದೇ. ಅದನ್ನು ಬೇರೆ ಯಾರೂ ಅವಳಿಗಾಗಿ ಬಿಟ್ಟುಹೋದದ್ದಲ್ಲ. ಹಿಂದಿನಿಂದ ಅವನು ಕರೆಯಲೂಬಹುದು, ನಾಳೆಯಲ್ಲದಿದ್ದರೆ ನಾಡಿದ್ದು. ಕರೆದರೆ ಅವಳು ತಿರುಗುವುದಿಲ್ಲ. ಸಿಟ್ಟಿನಿಂದಲ್ಲ, ಅವನನ್ನು ನೋಯಿಸಬೇಕೆಂದೂ ಅಲ್ಲ. ಅವಳನ್ನಲ್ಲವಲ್ಲ ಅವನು ಕರೆಯುವುದು. ಲಾರಿ ಬಂದರೆ ಅದರ ಸಪ್ಪಳ ಅವಳಿಗೂ ಕೇಳುತ್ತದೆ, ಬದಿಗೆ ಸರಿಯುವುದು ಅವಳಿಗೂ ಬರುತ್ತದೆ. ಯಾಕೆ, ಕೇಳಿಸಲಿಲ್ಲವೇ ಎಂದು ಮನೆಗೆ ಬಂದ ಮೇಲೆ ಕೇಳಿದರೆ, ಗಾಳಿ ಬಹಳ ಇತ್ತು ಎಂದರಾಯಿತು.

ಅಡುಗೆಮನೆಯಿಂದ ಇಂದಿರಾಬಾಯಿ ಅನ್ನಕ್ಕೆ ಎಷ್ಟು ಅಕ್ಕಿ ಹಾಕಲಿ ಎಂದು ಕೇಳಿದರು. ಬರ್ತೇನಿ, ನಾ ಹಾಕ್ತೇನಿ ಎಂದು ಅವಳು ಒಳಗೆ ಹೋದಳು.