ಡೈನೋಸಾರಿನ ಹಲ್ಲುಸೆಟ್ಟು

ಡೈನೋಸಾರಿಗೆ ಹಲ್ಲುಸೆಟ್ಟು ಕಟ್ಟಿಕೊಟ್ಟ ಗಂಡು ಈ ಮೂರು ಲೋಕದಲ್ಲಿ ಯಾರಾದರೂ ಇದ್ದರೆ ಅದು ಹಲ್ಲುಮಾಮ ಒಬ್ಬನೇ. ಅಳತೆ ತೆಗೆಯಲು ಬೆಳಿಗ್ಗೆ ಏಣಿ ಹಾಕಿ ಅದರ ಬಾಯೊಳಗೆ ಇಳಿದವನು ಊಟದ ಹೊತ್ತಿಗೆ ಬುತ್ತಿ ಸಮೇತ ಹೊರಗೆ ಬಂದನಂತೆ. ಒಳಗೆ ನೆರಳು ಚೆನ್ನಾಗಿತ್ತು, ಆದರೆ ನಾಲಿಗೆ ಜಾರುತ್ತಿತ್ತಂತೆ. ಪ್ಲಾಸ್ಟರು ಕಲಸಲು ಕಟ್ಟಡದವರ ಕಾಂಕ್ರೀಟು ಯಂತ್ರ ಬಂತು. ಒಂದೊಂದು ದವಡೆಹಲ್ಲೂ ಬಟ್ಟೆಯ ಬೀರುವಿನಷ್ಟು. ಅದನ್ನು ಉಜ್ಜಿ ಹೊಳಪು ಕೊಡುವಾಗ ಎದ್ದ ಧೂಳಿಗೆ ಊರಿಗೆ ಊರೇ ಹಗಲಲ್ಲಿ ದೀಪ ಹಾಕಿಕೊಂಡಿತು. ಇಷ್ಟೆಲ್ಲ ನಡೆಯುವಾಗಲೂ ಆ ಬಡಪ್ರಾಣಿ ಕುರ್ಚಿಯಲ್ಲಿ ಬಾಲ ಮಡಚಿಕೊಂಡು ಕೂತು, ಬಾಯಿ ಅಗಲಿಸಿ, ಕೊನೆಗೆ 'ಒಂಚೂರೂ ನೋಯಲಿಲ್ಲ ಕಣಪ್ಪ' ಎಂದು ಹೇಳಿ ಹೋಯಿತಂತೆ.

ಕಥೆಯ ಜೀವವೆಲ್ಲ ಆ ಕೊನೆಯ ಮಾತಿನಲ್ಲಿತ್ತು. ಅದನ್ನು ಕೇಳಬೇಕಾದವಳು, ಅಂದರೆ ಮಾಮನ ತಂಗಿಯ ಐದು ವರ್ಷದ ಮಗಳು ಚಿಣ್ಣಿ, ಎದುರಿನ ಸ್ಟೂಲಿನ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಒಂದು ಕೆನ್ನೆ ಮಾಮೂಲಾಗಿತ್ತು. ಇನ್ನೊಂದು ಕೆನ್ನೆ ಫುಟ್‌ಬಾಲಾಗಿತ್ತು. ಸರಿ, ಫುಟ್‌ಬಾಲು ಜಾಸ್ತಿಯಾಯಿತು, ನಿಂಬೆಹಣ್ಣು ಅನ್ನೋಣ.

ಆ ಕಟ್ಟಡದಲ್ಲಿ ಮುಂದಿನ ಕೋಣೆ ಡಾಕ್ಟರಮ್ಮನದು, ಹಿಂದಿನ ಕೋಣೆ ಮಾಮನದು. ಅವರು ಕಿತ್ತ ಜಾಗಕ್ಕೆ ಇವನು ಕಟ್ಟುತ್ತಾನೆ. ಇವನು ಡಾಕ್ಟರಲ್ಲ, ಹಲ್ಲುಸೆಟ್ಟಿನ ಮೇಸ್ತ್ರಿ. ಗುಲಾಬಿ ಮೇಣದಲ್ಲಿ ಹಲ್ಲು ಜೋಡಿಸುವುದರಲ್ಲಿ ದೇವರಿಗೂ ನಾಲ್ಕು ಮಾತು ಹೇಳಿಕೊಡಬಲ್ಲೆ ಎಂಬುದು ಅವನದೇ ಅಭಿಪ್ರಾಯ. ಚಿಣ್ಣಿಯ ದವಡೆಹಲ್ಲಿಗೆ ಹುಳುಕು ಹಿಡಿದು ತೂತು ಬಿದ್ದಿತ್ತು. ಇವತ್ತೇ ಶುಚಿಮಾಡಿ ಔಷಧಿ ತುಂಬಿದರೆ ಹಲ್ಲು ಉಳಿಯುತ್ತದೆ, ನಾಳೆಗೆ ಬಿಟ್ಟರೆ ಕೀಳುವುದೇ ಗತಿ, ಬಾಗಿಲು ಹಾಕುವವರೆಗೆ ಕಾಯುತ್ತೇನೆ ಎಂದು ಡಾಕ್ಟರಮ್ಮ ಹೇಳಿಯಾಗಿತ್ತು. ಮಗುವನ್ನು ಬಿಟ್ಟು ಕೆಲಸಕ್ಕೆ ಓಡುವಾಗ ತಂಗಿಯೂ ತನ್ನ ಪಾಲಿನದು ಹೇಳಿದ್ದಳು: "ನಿನ್ನ ಬಾಯಿಗೆ ಬೀಗ ಇಲ್ಲ, ಅವಳ ಬಾಯಿಗೆ ಬೀಗದ ಕೈ ಇಲ್ಲ. ಇಬ್ಬರೂ ಸೇರಿ ಏನಾದ್ರೂ ಮಾಡ್ಕೊಳ್ಳಿ ಅಣ್ಣ. ಸಂಜೆ ನಾನು ಬಂದಾಗ ಆ ಹಲ್ಲು ಅಲ್ಲೇ ಇರ್ಬೇಕು."

ಬೆಳಗಿನಿಂದ ಮಾಮ ಅದೇ ಕಥೆಯನ್ನು ಹೇಳಿದ್ದೇ ಹೇಳಿದ್ದು. ಪ್ರತಿ ಸಲಕ್ಕೂ ಡೈನೋಸಾರು ಒಂದು ಮಹಡಿ ಎತ್ತರವಾಗುತ್ತಿತ್ತು. ಚಿಣ್ಣಿಯ ತುಟಿ ಮಾತ್ರ ಕೂದಲೆಳೆಯಷ್ಟೂ ಅಗಲವಾಗಲಿಲ್ಲ. ಹಲ್ಲು ಕಚ್ಚಿಕೊಂಡೇ, ಬೆರಳ ಸಂದಿಯಿಂದಲೇ ಮಾತಾಡುವ ವಿದ್ಯೆ ಅವಳಿಗೆ ಅದು ಯಾವಾಗ ಸಿದ್ಧಿಸಿತೋ. ಅಷ್ಟು ದೊಡ್ಡದು ಬಾಗಿಲಲ್ಲಿ ಹೇಗೆ ಬಂತು ಎಂದು ಕೇಳಿದಳು. ಗೋಡೆ ಒಡೆದುಕೊಂಡು ಬಂತು ಎಂದ. ಯಾವ ಗೋಡೆ ಎಂದಳು. ತೋರಿಸಿದ. ಹಾಗಾದರೆ ಅದರ ಮೇಲಿನ ಕ್ಯಾಲೆಂಡರು ಯಾಕೆ ಹಳೇದಾಗಿದೆ ಎಂದಳು. ಹೋಗುವಾಗ ದಾರಿಯಲ್ಲಿ ಉದ್ದ ಕತ್ತು ಚಾಚಿ ಒಂದು ಲಾರಿಯನ್ನೇ ತಿಂದಿತು ಎಂದು ಮಾತು ತಿರುಗಿಸಿದರೆ, ಉದ್ದ ಕತ್ತಿನವು ಸೊಪ್ಪು ಮಾತ್ರ ತಿನ್ನುತ್ತವೆ, ಅಷ್ಟೂ ಗೊತ್ತಿಲ್ಲವೇ ಎಂದು ಮುಖ ತಿರುಗಿಸಿದಳು. ಲಾರಿಯ ತುಂಬ ಸೊಪ್ಪಿತ್ತು ಎಂದ ಮಾಮನಿಗೆ ತನ್ನ ಧ್ವನಿ ತನಗೇ ಸೋತಂತೆ ಕೇಳಿಸಿತು. ಕಲ್ಲಿನಿಂದ ನಾರು ತೆಗೆಯಬಹುದು, ಈ ಹುಡುಗಿಯ ಬಾಯಿಂದ ಒಂದು 'ಆ' ತೆಗೆಯಲು ಆಗುವುದಿಲ್ಲವಲ್ಲ.

ಮಧ್ಯಾಹ್ನ ಅವಳು ಮುಖ್ಯವಾದ ಪ್ರಶ್ನೆಯನ್ನೇ ಕೇಳಿದಳು. ಮಾಮ ಯಾರಿಗೆ ಸೆಟ್ಟು ಕಟ್ಟಿದರೂ ಅವರ ಬಾಯಿಯ ಪ್ಲಾಸ್ಟರು ಅಚ್ಚನ್ನು ಗೋಡೆಯ ಹಲಗೆಯ ಮೇಲೆ ಎತ್ತಿಡುತ್ತಾನೆ. ಪೋಸ್ಟ್‌ಮ್ಯಾನಿನ ಬಾಯಿ, ಟೀಚರಿನ ಬಾಯಿ, ದರ್ಜಿಯ ಬಾಯಿ, ಎಲ್ಲವೂ ಅಲ್ಲಿ ಸಾಲಾಗಿ ನಗುತ್ತಿರುತ್ತವೆ. ಡೈನೋಸಾರಿನದು ಎಲ್ಲಿ?

ಗೋದಾಮಿನಲ್ಲಿದೆ, ತರುತ್ತೇನೆ, ನೋಡಿದ ಮೇಲೆ ಬಾಯಿ ತೆರೆಯಬೇಕು ಎಂದ ಮಾಮ. ಚಿಣ್ಣಿ ತಲೆಯಾಡಿಸಿದಳು. ಮೂಲೆಯ ಬೆಂಚಿನ ಮೇಲೆ ಅವಳನ್ನು ಮಲಗಿಸಿ ಅವನು ಹಿತ್ತಲಿಗೆ ಓಡಿದ. ಅಲ್ಲಿ ನಡೆದ ಸಾಹಸಕ್ಕೆ ಹೆಸರಿಲ್ಲ. ಪಾತ್ರೆ ತೊಳೆಯುವ ಟಬ್ಬಿನಲ್ಲಿ, ವಾರಕ್ಕೆ ಸಾಕಾಗುವ ಪ್ಲಾಸ್ಟರನ್ನು ಒಂದೇ ಏಟಿಗೆ ಸುರಿದು ಕಲಸಿ, ದವಡೆಯ ಆಕಾರಕ್ಕೆ ಬಳಿದು, ಐಸ್‌ಕ್ರೀಮಿನ ಕೋನುಗಳನ್ನು ತಲೆಕೆಳಗಾಗಿ ಊರಿ, ಅವುಗಳ ಮೇಲೂ ಪ್ಲಾಸ್ಟರು ಮೆತ್ತಿ, ಹಳೇದಾಗಿ ಕಾಣಲೆಂದು ಟೀ ಸೋಕಿಸಿದ. ಮೈಯೆಲ್ಲ ಬಿಳಿ, ಮೀಸೆಯೂ ಬಿಳಿ. ಅವಸರದಲ್ಲಿ ಡಾಕ್ಟರಮ್ಮನಿಗೂ ಡಿಕ್ಕಿ ಹೊಡೆದ. ಇದೇನ್ರೀ ಮೇಸ್ತ್ರಿ, ಮಗುವಿಗೆ ಸತ್ಯ ಹೇಳಿದ್ದರೆ ಇಷ್ಟು ಪ್ಲಾಸ್ಟರು ಖರ್ಚಾಗುತ್ತಿರಲಿಲ್ಲ ಎಂದು ಅವರು ಸೀರೆ ಕೊಡವಿಕೊಂಡರು. ಮಾಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಅಚ್ಚನ್ನು ಎರಡು ಕೈಯಲ್ಲಿ ಹೊತ್ತು ತಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಧೊಪ್ಪೆಂದು ಇಟ್ಟ. ನಿಜ ಹೇಳಬೇಕೆಂದರೆ ಅದು ಭಯಂಕರವಾಗಿಯೇ ಇತ್ತು. ಚಿಣ್ಣಿಯ ಕಣ್ಣು ಅರಳಿತು. ಒಂದು ಕೈ ಬಾಯಿಂದ ಇಳಿಯಿತು. ಗೆದ್ದೆ ಅಂದುಕೊಂಡ ಮಾಮ.

ಆ ಕೈ ಹೋಗಿ ಅಚ್ಚನ್ನು ಮುಟ್ಟಿತು. ಮುಟ್ಟಿ ಅಲ್ಲೇ ನಿಂತಿತು.

"ಮಾಮ, ಇದು ಬಿಸಿ ಇದೆ."

ಹೊರಗೆ ಬಿಸಿಲಲ್ವಾ ಎಂದ.

"ಪ್ಲಾಸ್ಟರ್ ಗಟ್ಟಿ ಆಗೋವಾಗ್ಲೇ ಬಿಸಿ ಆಗೋದು. ನೀನೇ ನನ್ ಕೈಲಿ ಇಟ್ಟು ತೋರ್ಸಿದ್ಯಲ್ಲ. ಇದನ್ನ ಈಗ ಮಾಡಿದ್ದು."

ಮೀನಿನ ಮರಿಗೆ ಈಜು ಕಲಿಸಿದ ತಪ್ಪಿಗೆ ಮಾಮ ತನ್ನನ್ನು ತಾನೇ ಶಪಿಸಿಕೊಂಡ. ಚಿಣ್ಣಿ ಅಳಲಿಲ್ಲ, ಕೂಗಲಿಲ್ಲ. ಕೈಯನ್ನು ಮತ್ತೆ ಬಾಯಿಗೆ ಒಯ್ದು, ಬೆರಳ ಸಂದಿಯಿಂದ ತೀರ್ಪು ಕೊಟ್ಟಳು.

"ಡೈನೋಸಾರ್ ಸುಳ್ಳು ಅಂದ್ರೆ, ನೋಯಲ್ಲ ಅನ್ನೋದೂ ಸುಳ್ಳು."

ಮಾಮನಿಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ಗಂಟಲು ಹರಿದುಕೊಂಡಿದ್ದಕ್ಕೆ ಇದಾ ಮರ್ಯಾದೆ, ನಾಳೆ ಕೀಳಿಸಿಕೋ, ನನಗೇನು ಎಂದು ಗದರಿದ. ಗದರಿದ ಮೇಲೆ ಅವಳ ಕಣ್ಣಂಚಿನಲ್ಲಿ ನೀರು ತುಂಬಿದ್ದನ್ನು ನೋಡಿ ತಾನೇ ಕುಸಿದು ಕೂತ. ಅಷ್ಟು ಹೊತ್ತಿಗೆ ಬಾಗಿಲು ಹಾಕುವ ಸಮಯವೂ ಆಗಿತ್ತು, ಮುಂದಿನ ಕೋಣೆಯಲ್ಲಿ ಡಾಕ್ಟರಮ್ಮ ಒಂದೊಂದೇ ದೀಪ ಆರಿಸುತ್ತಿದ್ದರು. ಕುರ್ಚಿಯ ಮೇಲಿನ ದೀಪವೊಂದೇ ಉಳಿದಿತ್ತು.

ಅವನು ಅವಳನ್ನು ಎತ್ತಿಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂರಿಸಿದ. ಇನ್ನು ಕಥೆಯಿಲ್ಲ, ಏನು ಮಾಡಿದರೆ ಬಾಯಿ ತೆರೆಯುತ್ತೀಯ, ಅದನ್ನಾದರೂ ಹೇಳು ತಾಯಿ ಎಂದ. ಚಿಣ್ಣಿ ಯೋಚಿಸಿ ಷರತ್ತು ಹಾಕಿದಳು. ಅವನು ಒಂದು ನಿಜ ಹೇಳಿದರೆ ಅವಳು ಒಂದು ಚೂರು ತೆರೆಯುತ್ತಾಳೆ. ಸುಳ್ಳು ಬಂದರೆ ಪೂರ್ತಿ ಮುಚ್ಚುತ್ತಾಳೆ.

ನೂರು ಡೈನೋಸಾರುಗಳನ್ನು ಒಂದೇ ಉಸಿರಿಗೆ ಹುಟ್ಟಿಸುವ ಗಂಡಿಗೆ ಒಂದು ನಿಜ ಹೆರಲು ಬೆವರು ಕಿತ್ತುಕೊಂಡು ಬಂತು. ಡಾಕ್ಟರಮ್ಮ ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ನಿಂತು ಬೇರೆ ಕೇಳುತ್ತಿದ್ದರು.

ಡೈನೋಸಾರು ಬಂದಿಲ್ಲ ಎಂದ. ಕೈ ಇಳಿಯಿತು. ಗೋಡೆ ಬಿದ್ದಿಲ್ಲ ಎಂದ. ತುಟಿ ಬಿಟ್ಟುಕೊಂಡಿತು. ಕಾಂಕ್ರೀಟು ಯಂತ್ರವನ್ನು ಹತ್ತಿರದಿಂದ ನೋಡಿಯೂ ಇಲ್ಲ, ತಾನು ಕಟ್ಟಿದ ಅತಿ ದೊಡ್ಡ ಸೆಟ್ಟು ಪೋಸ್ಟ್‌ಮ್ಯಾನಿನದು, ಅದೂ ಸಡಿಲವಾಗಿ ವಾಪಸ್ಸು ಬಂತು ಎಂದ. ಮುಂದಿನ ಹಲ್ಲುಗಳು ಕಂಡವು. ಡಾಕ್ಟರಮ್ಮನಿಗೆ ನಗು ಬಂತು, ಕೆಮ್ಮಿದರು. ದವಡೆ ಇನ್ನೂ ದೂರವಿತ್ತು.

"ಸೂಜಿ?" ಎಂದಳು ಚಿಣ್ಣಿ.

"ಚುಚ್ಚುತ್ತೆ. ನೋಯುತ್ತೆ. ಆಮೇಲೆ ಕೆನ್ನೆ ಜೋಮು ಹಿಡಿಯುತ್ತೆ, ಮುಂದಿಂದು ಅಷ್ಟಾಗಿ ಗೊತ್ತಾಗಲ್ವಂತೆ."

ಬಾಯಿ ಇನ್ನಷ್ಟು ತೆರೆದು, ಅಲ್ಲಿಗೇ ನಿಂತಿತು. "ಅಂತೆ ಅಂದ್ರೆ? ನಿಂಗೆ ಎಷ್ಟು ನೋಯ್ತು?"

ಮಾಮ ಡಾಕ್ಟರಮ್ಮನ ಕಡೆ ನೋಡಿದ. ಅವರೂ ಕನ್ನಡಿ ಇಳಿಸಿ ಇವನನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳಲು ಒಡೆಯಬಲ್ಲ ಗೋಡೆ ಒಂದೂ ಇರಲಿಲ್ಲ.

"ಗೊತ್ತಿಲ್ಲ ಚಿಣ್ಣಿ," ಎಂದ, ಅವನ ಜನ್ಮದಲ್ಲೇ ಅಷ್ಟು ಸಣ್ಣ ಧ್ವನಿಯಲ್ಲಿ ಮಾತಾಡಿರಲಿಲ್ಲ. "ಈ ಕುರ್ಚೀಲಿ ನಾನು ಕೂತೇ ಇಲ್ಲ. ಊರೋರಿಗೆಲ್ಲ ಹಲ್ಲು ಕಟ್ತೀನಿ, ನನ್ ಬಾಯಿ ಮಾತ್ರ ಡಾಕ್ಟರಮ್ಮಂಗೆ ಇವತ್ತಿನವರೆಗೂ ತೋರ್ಸಿಲ್ಲ. ನಂಗೆ ಹೆದರಿಕೆ ಕಣೆ. ನಿನಗಿಂತ ಜಾಸ್ತಿ."

ಚಿಣ್ಣಿಯ ಬಾಯಿ ಕೊನೆಯ ದವಡೆಹಲ್ಲಿನವರೆಗೂ ತೆರೆಯಿತು.